ನಡುಹಲಗೆಯ ಗುಳಿ

ತಣ್ಣಗಿದೆ ಈ ಅಂಟು, ಎದೆಗೆ ಬಸವನಹುಳು ಹತ್ತಿದ ಹಾಗೆ, ಹತ್ತು ಕಡೆ ಅಂಟಿಸಿ ಹತ್ತು ತಂತಿ ಎಳೆದಿದ್ದಾಳೆ ನರ್ಸ್ ಶೈಲಜ, ರೋಮವನ್ನೆಲ್ಲ ಬೋಳಿಸಿ ಪುಕ್ಕ ಕಿತ್ತ ಬಾತುಕೋಳಿಯಂತೆ ಮಲಗಿಸಿದ್ದಾರೆ, ಯಾರನ್ನು, ಮೂವತ್ತೆರಡು ವರ್ಷ ಹಾವುದೋಣಿಯ ನಡುಹಲಗೆಯ ಮೇಲೆ ನಿಂತು, ಕೋಲು ಕುಟ್ಟಿ, ತೊಂಬತ್ತು ಹುಟ್ಟುಗಳನ್ನು ಒಂದೇ ಏಟಿಗೆ ನೀರಿಗಿಳಿಸಿದ ಈ ಇಟ್ಟೂಪನನ್ನು — ಅಲುಗಾಡ್ಬೇಡಿ ಚೇಟ್ಟಾ, ಸುಮ್ನೆ ಮಲಗಿದ್ದಾಗ ಎದೆ ಹೇಗೆ ಬಡಿಯುತ್ತೆ ನೋಡ್ಬೇಕು, ಆಮೇಲೆ ನಡೆಸ್ತೀನಿ, ಅನ್ನುತ್ತಾಳೆ. ನೋಡಮ್ಮ, ಕಣ್ತುಂಬ ನೋಡು. ಪರದೆಯ ಮೇಲೆ ಹಸಿರು ಗೆರೆ ಜಿಗಿಯುತ್ತಿದೆ, ಅರವತ್ತೆರಡು, ಒಂದು ಹೆಚ್ಚಿಲ್ಲ ಒಂದು ಕಡಿಮೆಯಿಲ್ಲ, ನನಗೆ ಹೆಮ್ಮೆಯೇ ಆಗುತ್ತಿದೆ. ಇವತ್ತು ಈ ಪರೀಕ್ಷೆ ದಾಟಿದರೆ ಆಗಸ್ಟಿನ ಪಂದ್ಯಕ್ಕೆ ಹಲಗೆ ನನ್ನದು, ಇಲ್ಲದಿದ್ದರೆ ನಮ್ಮ ದೋಣಿಯ ವರ್ಕಿಯ ಅಳಿಯನದು, ಆ ಮಹಾರಾಯ ಕುಟ್ಟಿದರೆ ಕೋಲು ಗುಳಿಯ ಅಂಚಿಗೆ ಬಿದ್ದು ಜಾರುತ್ತದೆ, ಗುಳಿ ನನ್ನ ಏಟಿಗೆ ಆದದ್ದು, ಅಂಗೈಯಗಲ, ಬೇರೆಯವರ ಕೋಲಿಗೆ ಅದು ಒಗ್ಗುವುದಿಲ್ಲ. ಬಾಗಿಲ ಹೊರಗೆ ಕೂತಿರುವ ಹೆಂಡತಿ ಏಲಿಯಮ್ಮ ಬೆಳಿಗ್ಗೆ ಅಪ್ಪಂ ಬಡಿಸುತ್ತ ಅಂದಳು, ದೋಣಿಮನೆ ಸೂರು ಸೋರ್ತಿದೆ, ನಿಮ್ ಗುಳೀಲಿ ನೀರು ನಿಂತು ಕಪ್ಪೆಯೊಂದು ಸಂಸಾರ ಹೂಡಿದೆ ಕಣ್ರೀ. ನಕ್ಕಳು, ಕಣ್ಣು ನಗಲಿಲ್ಲ. ನವೆಂಬರಿನ ಪಂದ್ಯದ ದಿನ ಗೆಲುವಿನ ಕಂಬ ಇನ್ನೂರು ಮಾರು ದೂರವಿತ್ತು, ಎದೆಯ ಮೇಲೆ ಯಾರೋ ಮಂಡಿಯೂರಿದಂತಾಯಿತು, ಮರಗೆಣಸಿನ ವಾಯು ಅಂದುಕೊಂಡೆ, ಎಡಗೈ ಸತ್ತಿತು, ಬಲಗೈಯಲ್ಲೇ ಕುಟ್ಟಿದೆ, ಕಂಬ ದಾಟುವವರೆಗೆ ಒಂದೇಟು ತಪ್ಪಲಿಲ್ಲ, ದಡದಲ್ಲಿ ಕೂತು ಜೀರಿಗೆ ನೀರು ಕೊಡಿ ಎಂದವನಿಗೆ ಮತ್ತೆ ಎಚ್ಚರವಾದದ್ದು ಈ ಆಸ್ಪತ್ರೆಯಲ್ಲಿ, ಡಾಕ್ಟರ್ ನೌಫಲ್ ಬೈಯುತ್ತಿದ್ದರು, ಇನ್ನು ಹತ್ತು ನಿಮಿಷ ತಡವಾಗಿದ್ರೆ ಕಪ್ ನಿಮ್ ಶವಪೆಟ್ಟಿಗೆ ಮೇಲಿಡ್ಬೇಕಿತ್ತು. ಗೆದ್ವಲ್ಲ ಡಾಕ್ಟ್ರೇ ಅಂದೆ, ಏಲಿಯಮ್ಮ ಮೂರು ದಿನ ಮಾತು ಬಿಟ್ಟಳು.

ಏಳಿ ಚೇಟ್ಟಾ, ಈಗ ನಡೀರಿ. ಕಾಲಡಿ ನಡೆಸುವ ಯಂತ್ರದ ಪಟ್ಟಿ ಹರಿಯುತ್ತಿದೆ, ಹೊಳೆಯಲ್ಲ, ಕರಿ ರಬ್ಬರು, ಎಂಥ ಅಡ್ಡಾದಿಡ್ಡಿ ನಡಿಗೆ ಇದು, ಏಟಿಲ್ಲದೆ ಹೆಜ್ಜೆ ಹೇಗೆ ಕೂಡುತ್ತದೆ — ತಕ್, ಹಿಮ್ಮಡಿ ತಾನಾಗಿ ಬಿತ್ತು, ತಕ್, ಈಗ ಸರಿ, ತಕ್, ಗುಳಿಗೆ ಬಿದ್ದ ಹಾಗೆ, ಅಯ್ಯೋ ಡಾಕ್ಟ್ರೇ ಬೇಗ ಬನ್ನಿ ಎಂದು ಶೈಲಜ ಓಡುತ್ತಾಳೆ, ಹಸಿರು ಗೆರೆ ಹುಚ್ಚೆದ್ದು ಕುಣಿಯುತ್ತಿದೆ, ಪಟ್ಟಿ ನಿಂತಿತು, ಡಾಕ್ಟರ್ ನೌಫಲ್ ಬಂದರು. ಎದೆ ತಾಳ ತಪ್ತಿದೆ ಇಟ್ಟೂಪ್ ಚೇಟ್ಟಾ, ಸಾಕು ಇವತ್ತಿಗೆ. ತಾಳ ತಪ್ಪಿತೆಂದು ನನಗೆ ಹೇಳುತ್ತಾರೆ, ನನಗೆ. ಅದು ಎದೆಯಲ್ಲ ಡಾಕ್ಟ್ರೇ, ನನ್ ಹಿಮ್ಮಡಿ, ಕುಟ್ತಿದ್ದೆ. ಅವರು ನನ್ನ ಪಾದ ನೋಡಿದರು, ಗೆರೆ ನೋಡಿದರು, ಓಹೋ, ಏಟಿಗೆ ತಂತಿ ಅದುರಿದೆ, ಇನ್ನೊಂದ್ಸಲ ನೋಡೋಣ, ಕುಟ್ಟೋ ಹಾಗಿಲ್ಲ, ಬೆಕ್ಕಿನ ಹಾಗೆ ನಡೀಬೇಕು, ಆಗುತ್ತಾ?

ಆಗುತ್ತೆ ಅಂದೆ, ಆಗುತ್ತಿಲ್ಲ, ಮೂವತ್ತೆರಡು ವರ್ಷದ ಹಿಮ್ಮಡಿ ತುರಿಸುತ್ತದೆ, ಮೆಲ್ಲಗೆ, ಇಡು, ಮೆಲ್ಲಗೆ, ಪಟ್ಟಿ ದಿಬ್ಬ ಹತ್ತಿತು, ತೊಂಬತ್ತು, ನೂರಹತ್ತು, ಬೆವರು ಕಣ್ಣಿಗಿಳಿಯುತ್ತಿದೆ, ಕೈ ಕೋಲಿಲ್ಲದೆ ಮುಷ್ಟಿ ಕಟ್ಟಿದೆ, ಹೆದರಿಕೆಯಾಗುತ್ತಿದೆ, ಹೌದು, ನೀರಲ್ಲೆಂದೂ ಆಗದ ಹೆದರಿಕೆ, ಕಾಲೇ ಕುಟ್ಟಬೇಡ, ಎದೆಯೇ ನೀನೊಬ್ಬನೇ ಕುಟ್ಟು, ನೂರಿಪ್ಪತ್ತೆಂಟು, ಗೆರೆ ಸಾಲುಹುಟ್ಟಿನ ಹಾಗೆ ಏಳುತ್ತಿದೆ, ಬೀಳುತ್ತಿದೆ, ಒಂದೂ ಹಿಂದುಳಿಯಲಿಲ್ಲ. ಡಾಕ್ಟರು ಕಾಗದ ಹರಿದು ಉದ್ದಕ್ಕೂ ಓದಿದರು, ಮತ್ತೊಮ್ಮೆ ಓದಿದರು. ಎಲ್ಲೂ ತಪ್ಪಿಲ್ಲ, ಹೋಗಿ ಕುಟ್ಟಿ, ಆದ್ರೆ ಎದೆ ಹಿಡಿದ್ರೆ ಕಂಬ ಎದುರಿಗಿದ್ರೂ ಕೋಲು ಕೆಳಗಿಡ್ಬೇಕು, ಮಾತು ಕೊಡಿ. ಬಾಗಿಲಲ್ಲಿ ಏಲಿಯಮ್ಮ ನಿಂತಿದ್ದಾಳೆ, ಸೆರಗು ಬಾಯಿಗೊತ್ತಿಕೊಂಡು, ಅವಳೆಂದೂ ಬಾಯಿಬಿಟ್ಟು ಬೇಡದ ಮಾತು ಅದು, ಕೊಡುವುದು ಕಂಬ ದಾಟುವುದಕ್ಕಿಂತ ಕಷ್ಟ — ಕೊಟ್ಟೆ ಡಾಕ್ಟ್ರೇ ಅಂದೆ, ಅವಳನ್ನೇ ನೋಡಿ. ಒಂದೊಂದೇ ತಂತಿ ಕೀಳುತ್ತಿದ್ದಾರೆ, ಉರಿಯುತ್ತಿದೆ, ಉರಿಯಲಿ, ನಡುಹಲಗೆ, ಅಂಗೈಯಗಲದ ಗುಳಿ, ನಿಂತ ನೀರು, ಅದರಲ್ಲಿ ಕೂತಿರುವ ಕಪ್ಪೆ, ಮೊದಲು ಅದನ್ನು ಎಬ್ಬಿಸಬೇಕು.