ಹೆಸರು ಹಾಕಿಸದ ಕೊಡ

ಉಳ್ಳಾಗಡ್ಡಿ ಕೆಂಪಾಗುತ್ತಿದೆ, ಇನ್ನೂ ಸ್ವಲ್ಪ, ಇನ್ನೊಂಚೂರು — ಸೀದರೆ ಕೆಟ್ಟಿತು, ಈ ವಾರವೆಲ್ಲ ಎಲ್ಲಿ ಏನು ಸೀದ ವಾಸನೆ ಬಂದರೂ ಎದೆ ಧಸಕ್ಕೆನ್ನುತ್ತದೆ, ಅವತ್ತು ಮಧ್ಯಾಹ್ನವೂ ಹೀಗೇ, ಹಾಲು ಉಕ್ಕಿತೇನೋ ಎಂದು ಒಳಗೆ ಓಡಿದರೆ ಹಾಲು ತಣ್ಣಗೆ ಕುಳಿತಿತ್ತು, ಉರಿಯುತ್ತಿದ್ದದ್ದು ಹಿತ್ತಲಾಚೆ, ಕಬ್ಬು ಕಡಿಯುವವರ ಗುಡಿಸಲುಗಳು, ಕಬ್ಬಿನ ಒಣ ಎಲೆ, ರವದಿ ಹೊದಿಸಿದ ಗುಡಿಸಲು ಉರಿಯಲು ಎಷ್ಟು ಹೊತ್ತು, ಮಹಾರಾಷ್ಟ್ರದ ಬೀಡದಿಂದ ಬಂದ ಅಷ್ಟೂ ಸಂಸಾರಗಳು ಹೊಲದಲ್ಲಿದ್ದವು, ಮಕ್ಕಳೂ ಅಲ್ಲೇ, ಅಲ್ಲಾಹನ ದಯೆ, ಜೀವ ಉಳಿದವು, ಆದರೆ ಅರಿವೆ, ಜೋಳದ ಚೀಲ, ಪಾತ್ರೆ ಎಲ್ಲ ಹೋಯಿತು, ಅವರಲ್ಲೊಬ್ಬಳು ಸುಂದರಾ, ಬೂದಿಯೊಳಗೆ ಕೋಲಾಡಿಸಿ ತನ್ನ ಕೊಡ ಎಳೆದು ತೆಗೆದಳು, ಕರ್ರಗೆ, ಸೊಟ್ಟಗೆ, ಅದನ್ನು ಸೆರಗಿನಿಂದ ಒರೆಸಿ ಅದರ ಕುತ್ತಿಗೆಯ ಮೇಲೆ ಹೆಬ್ಬೆರಳಾಡಿಸುತ್ತ ಕುಳಿತಳು, ಅಳಲಿಲ್ಲ, ಏನು ಹುಡುಕುತ್ತೀಯವಾ ಅಂದೆ, ಮಾಮಾನ ಹೆಸರ ಮಾವಶಿ, ನನ್ನ ಲಗ್ನದಾಗ ಆಹೇರ ಹಾಕಿದ್ದಾ, ಅಂವನ ಮಗಳ ಲಗ್ನಕ್ಕ ನಾ ಹಾಕೂದು ಇನ್ನಾ ಐತಿ — ಚುಕ್ಕಿ ಹೊಡೆದು ಬರೆದ ಹೆಸರು, ಬೆಂಕಿಯಲ್ಲಿ ಬೆಂದ ಮೇಲೂ ಬೆರಳಿಗೆ ಸಿಗುತ್ತಿತ್ತು. ಸಾಕು, ಬದನೆಕಾಯಿ ಹಾಕಬೇಕು, ನಾಜಿಮಾ, ಆ ಬುಟ್ಟಿ ಇತ್ತ ತಾ ಬೇಟಾ.

ಸೊಸೆ ಒಳ್ಳೆಯವಳು, ಊರೂಟ ಹಾಕಿ ರೊಕ್ಕ ಕೂಡಿಸಿ ಅವರಿಗೆ ಕೊಡೋಣ ಎಂದು ಮೊದಲು ಅಂದವಳು ಅವಳೇ, ಆದರೆ ಕೂಪನ್ ಅಂದಳು ನೋಡಿ, ಇವರು ಎದ್ದು ನಿಂತೇಬಿಟ್ಟರು, ಉಣ್ಣಾಕ ಬಂದವ್ರ ಕಡೆ ರೊಕ್ಕಾ ಇಸ್ಕೊಳ್ಳೂದಾ, ಹುಸೇನಮಿಯಾನ ಅಂಗಳಾ ಏನ ಖಾನಾವಳಿ ಅಂತ ತಿಳದೀಯೇನ — ಸಿಟ್ಟು ಬಂದರೆ ಇವರ ಗಡ್ಡ ಅಲ್ಲಾಡುವುದನ್ನು ನೋಡಿ ನನಗೆ ನಗು, ಇಷ್ಟು ವರ್ಷವಾದರೂ ನಗು, ಆಗ ಬಾಯಿಗೆ ಬಂದದ್ದು ಆಹೇರಿ, ಮುಯ್ಯಿ, ಉಂಡವರು ಮದುವೆಯಲ್ಲಿ ಹಾಕುವ ಹಾಗೆ ಆಹೇರಿ ಹಾಕಿ ಹೋಗಲಿ, ಯಾರಿಗೂ ಅವಮಾನವಿಲ್ಲ, ಇವರು ಕುಳಿತರು. ಕಸ್ತೂರೆವ್ವನೂ ಒಪ್ಪಿದಳು, ಆಚೆಮನೆಯ ಕಸ್ತೂರೆವ್ವ, ನನ್ನ ಜೊತೆ ಜಗಳವಾಡದಿದ್ದರೆ ಅವಳಿಗೆ ಚಹಾ ರುಚಿಸುವುದಿಲ್ಲ, ಮಸಾಲಿ ಅನ್ನಾ ನಿಂದು, ಹುಗ್ಗಿ ನಂದು, ಒಲಿ ಬ್ಯಾರೆ ಬ್ಯಾಡ, ಆದ್ರ ಮಾಂಸದ ಮಾತ ತಗದ್ರ ನಿನ್ನ ಚಮಚಾ ಕಸ್ಕೊತೀನಿ ನೋಡ ಸಕೀನಾ — ಅಗೋ ಅಲ್ಲಿದ್ದಾಳೆ, ಬೆವರು ಒರೆಸಿಕೊಳ್ಳುತ್ತ ಹುಗ್ಗಿಗೆ ಬೆಲ್ಲ ಸುರಿಯುತ್ತಿದ್ದಾಳೆ, ನನ್ನ ಅನ್ನದ ಕಡೆಗೂ ಒಂದು ಕಣ್ಣು, ಉಪ್ಪು ಹೆಚ್ಚಾಯಿತು ಎಂದು ಹೇಳಲು ಕಾಯುತ್ತಿದ್ದಾಳೆ, ಅವಳಿಲ್ಲದೆ ಈ ಊರಲ್ಲಿ ನಾನು ಹೇಗೆ ಬಾಳುತ್ತಿದ್ದೆನೋ.

ಎಲ್ಲ ಸರಿ, ಸುಂದರಾ ಬರಬೇಕಲ್ಲ. ಬೆಳಿಗ್ಗೆ ಕರೆಯಲು ಹೋದರೆ ಫುಕಟ ನಕೋ ಮಾವಶಿ, ಪುಕ್ಕಟೆ ಬ್ಯಾಡ ಅಂದಳು, ನಾಳೆ ಊರಿಗೆ ಹೊರಡುತ್ತಾಳಂತೆ, ಬೇಯಿಸಲು ಬೋಗುಣಿಯಿಲ್ಲದೆ ಎಷ್ಟು ದಿನ, ಸಾಹೇಬ್ರು ಕೊಡ್ತಾರ, ಮಂದಿ ಕೊಡ್ತಾರ, ತಗೊಂಡ್ರ ಭೀಕ ಆಗ್ತೈತಿ ಅಂದಳು — ಅವಳು ಹಾಗೆಯೇ, ನಾಲ್ಕು ಹಂಗಾಮಿನಿಂದ ನೋಡುತ್ತಿದ್ದೇನೆ, ಒಂದು ತಂಬಿಗೆ ಮಜ್ಜಿಗೆ ಕೊಟ್ಟರೆ ಸಂಜೆ ಗೋಡೆಯ ಮೇಲೆ ನನ್ನ ಆಡುಗಳಿಗೆ ಕಬ್ಬಿನ ಹಸಿರು ತುದಿಗಳ ಹೊರೆ, ಹೇಳದೆ ಕೇಳದೆ ಇಟ್ಟು ಹೋಗುತ್ತಾಳೆ, ಒಮ್ಮೆ ಜ್ವರದಲ್ಲೂ ಇಟ್ಟಳು, ಬೈದೆ, ಹಲ್ಲು ಕಿರಿದಳು, ಅವಳು ನಾಳೆ ಹೋದರೆ ಆಡುಗಳು ಗೋಡೆಯ ಕಡೆಗೇ ನೋಡುತ್ತ ನಿಲ್ಲುತ್ತವೆ, ಆಡುಗಳೇಕೆ, ನಾನೇ ನಿಲ್ಲುತ್ತೇನೆ. ಬಾರವ್ವಾ, ಬಂದು ಒಂದು ತುತ್ತು ಉಣ್ಣು.

ಜನ ಬಂದರು, ಬಂದರು ಅಂದರೆ ಹೇಗೆ ಬಂದರು, ಕಾರ್ಖಾನೆಯವರು, ಕಾಗವಾಡದ ದ್ರಾಕ್ಷಿಯವರು, ಕರೋಶಿಯ ಬೀಗರು, ಎಲ್ಲರ ತಲೆಯ ಮೇಲೂ ಕಂಕುಳಲ್ಲೂ ಫಳಫಳ ಅನ್ನುತ್ತಿದೆ, ಬೋಗುಣಿ, ಪರಾತ, ತಾಟು, ಕೊಡ, ಜಕ್ಕಪ್ಪನಂತೂ ಹಳದಿ ರುಮಾಲು ಸುತ್ತಿಕೊಂಡು ಬಂದು ಮದುಮಗಳು ಎಲ್ಲಿ ಅದಾಳ್ರಿ ಎಂದು ಕೇಳಿದನಂತೆ, ನಾಜಿಮಾ ಅಳುಮೋರೆ ಮಾಡಿಕೊಂಡು ಬಂದಳು, ಅಮ್ಮೀ, ರೊಕ್ಕದ ಡಬ್ಬಿ ಹಗೂರ ಐತಿ, ಎಲ್ಲಾರೂ ಭಾಂಡೆ ತಂದಾರ, ನೀವ ಆಹೇರಿ ಅಂದ್ರಿ — ಅಂದೆ ಹೌದು, ಆಹೇರಿ ಅಂದರೆ ಇಲ್ಲಿಯವರು ಇನ್ನೇನು ತರುತ್ತಾರೆ, ತಲೆ ಎಲ್ಲಿಟ್ಟಿದ್ದೆ ನಾನು, ಅಷ್ಟರಲ್ಲಿ ಕಸ್ತೂರೆವ್ವನ ಗಂಡ ಮುರಗೆಪ್ಪ ಮೈಕು ಹಿಡಿದೇಬಿಟ್ಟಿದ್ದಾರೆ, ಅವರ ಕೈಗೆ ಮೈಕು ಕೊಟ್ಟರೆ ಮುಗಿಯಿತು, ಕರೋಶಿ ಭರಮು ಇವರಿಂದ ಒಂದು ಪರಾತ, ಭೀಮಾಬಾಯಿ ಇವರಿಂದ ಆರು ತಾಟು, ಹೆಸರು ಹಿಡಿದು ಹಿಡಿದು ಕೂಗುತ್ತಿದ್ದಾರೆ, ಮೈಕಿನ ದನಿ ಹಿತ್ತಲು ದಾಟಿ ಹೊಲದವರೆಗೆ — ಗೇಟಿನ ಹತ್ತಿರ ಯಾರದು, ಸುಂದರಾ, ಹಿಂದೆ ಅವರ ಹೆಂಗಸರೆಲ್ಲ, ಒಳಗೆ ಬರದೆ ನಿಂತು ಹೆಸರು ಕೇಳುತ್ತಿದ್ದಾಳೆ, ಆಹೇರ ಕಾ, ಖರೇನ ಆಹೇರ ಕಾ ಮಾವಶಿ, ನನ್ನ ಬಾಯಿಗೆ ಮಾತು ಬರುವ ಮೊದಲೇ ಕಸ್ತೂರೆವ್ವ, ಆಹೇರಿನವಾ, ಮತ್ತೇನ, ಸುಮ್ಮನ ಕೊಡಾಕತ್ತೇನಂತ ತಿಳದಿ, ನನ್ನ ಮೊಮ್ಮಗಳ ಸೌಂದರ್ಯಾನ ಲಗ್ನಕ್ಕ ನೀ ತಿರುಗಿ ತರಬೇಕ, ತರಲಿಲ್ಲಂದ್ರ ಬೀಡಕ್ಕ ಬಂದ ಜಗಳಾ ತಗೀತೀನಿ! — ಸುಂದರಾ ನಕ್ಕಳು, ಬೆಂಕಿ ಬಿದ್ದಾಗಿನಿಂದ ಮೊದಲ ಸಲ ನಕ್ಕಳು, ಜಮಖಾನದ ಮೇಲೆ ಬಂದು ಕುಳಿತಳು, ಹಣೆಗೆ ಕುಂಕುಮ ಹಚ್ಚಿಸಿಕೊಂಡಳು, ನನ್ನ ಕಣ್ಣಲ್ಲಿ ನೀರು, ಉಳ್ಳಾಗಡ್ಡಿಯದಲ್ಲ, ಉಳ್ಳಾಗಡ್ಡಿ ಯಾವಾಗಲೋ ಮುಗಿದಿದೆ.

ಒಂದೊಂದೇ ಪಾತ್ರೆ ಎತ್ತುತ್ತಾಳೆ, ಕನ್ನಡ ಅಕ್ಷರ ಅವಳಿಗೆ ಬಾರದು, ಚುಕ್ಕಿಯ ಮೇಲೆ ಹೆಬ್ಬೆರಳಾಡಿಸಿ ಹೇ ಕುಣಾಚ, ಇದು ಯಾರದು ಎಂದು ಕೇಳುತ್ತಾಳೆ, ಕಸ್ತೂರೆವ್ವ ಓದುತ್ತಾಳೆ, ಅವಳು ಆ ಹೆಸರನ್ನು ಬಾಯಲ್ಲಿ ಹೇಳಿ ಬದಿಗಿಡುತ್ತಾಳೆ, ಭೀಮಾಬಾಯಿ, ಭರಮು, ಜಕ್ಕಪ್ಪ, ತಿರುಗಿಸಬೇಕಾದವರು — ಅಯ್ಯೋ, ಅದು, ಅದನ್ನು ಎತ್ತಿದಳು, ಅವಳ ಸುಟ್ಟ ಕೊಡದ ಬದಲಿಗೆಂದು ತಂದು, ರಾಶಿಯ ಅಡಿಯಲ್ಲಿ ಯಾರಿಗೂ ಕಾಣದ ಹಾಗೆ ನಾನು ಇಟ್ಟಿದ್ದ ಕೊಡ, ಕಾಗವಾಡದ ಅಂಗಡಿಯವನು ಹೆಸರ ಏನ ಹಾಕ್ಲಿರಿ ಆಪಾ ಅಂದಿದ್ದ, ಹೆಸರ ಬ್ಯಾಡ ಅಂದೆ, ಎಷ್ಟು ಹಿಗ್ಗಿನಿಂದ ಅಂದೆ, ಬಲಗೈ ಕೊಟ್ಟದ್ದು ಎಡಗೈಗೂ ಗೊತ್ತಾಗಬಾರದು ಎಂದು ಅಬ್ಬಾ ಕಲಿಸಿದ್ದರು, ಮುಚ್ಚಿ ಕೊಟ್ಟದ್ದೇ ದೊಡ್ಡದು ಎಂದು — ಹೆಬ್ಬೆರಳು ಕುತ್ತಿಗೆಯ ಸುತ್ತ ಹೋಯಿತು, ಮತ್ತೊಮ್ಮೆ ಸುತ್ತ ಬಂತು, ನುಣ್ಣಗೆ, ಏನೂ ಇಲ್ಲ, ಹೇ ಕುಣಾಚ, ಕಸ್ತೂರೆವ್ವನಿಗೆ ಓದಲು ಅಕ್ಷರವಿಲ್ಲ, ಫುಕಟ ನಕೋ ಎಂದು ಮೆಲ್ಲಗೆ ಅಂದು ಜಮಖಾನದ ಹೊರಗೆ ಇಟ್ಟುಬಿಟ್ಟಳು, ಮಣ್ಣಿನ ಮೇಲೆ, ಎಲ್ಲರದೂ ಒಳಗೆ, ನನ್ನದೊಂದೇ ಹೊರಗೆ.

ನಂದವಾ — ಯಾರು ಕೂಗಿದ್ದು, ನಾನೇ, ಅಬ್ಬಾ ಮಾಫ್ ಮಾಡಲಿ, ನಂದು, ಸಕೀನಾಬೀದು, ತಗೋಳವಾ, ಇವರು ಆಗಲೇ ಚುಕ್ಕಿ ಹೊಡೆಯಲು ಮೊಳೆ ತಂದಿದ್ದಾರೆ, ಗಡ್ಡದೊಳಗೆ ನಗುತ್ತಿದ್ದಾರೆ, ಕಸ್ತೂರೆವ್ವ ಕುಟ್ಟುವ ಕಲ್ಲು ಕೊಟ್ಟು ದೊಡ್ಡದಾಗಿ ಬರೀ, ಕಂಜೂಸ್ತನ ಮಾಡಬ್ಯಾಡ ಅನ್ನುತ್ತಾಳೆ, ಸುಂದರಾ ಕೊಡವನ್ನು ಒಳಗೆ ಎಳೆದುಕೊಂಡು ಎರಡೂ ಮೊಣಕಾಲಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದಾಳೆ, ನನ್ನ ಕೈ ತುಂಬ ಮಸಾಲೆ, ಮೊಳೆ ಎಲ್ಲಿಡಲಿ, ಇಲ್ಲೇ ಮಾವಶಿ ಅನ್ನುತ್ತಾಳೆ, ಇಲ್ಲೇ ಅಂದರೆ ಬೆರಳು ತೆಗಿಯವಾ, ತೆಗೆಯುತ್ತಿಲ್ಲ, ಆ ನುಣ್ಣನೆಯ ಕುತ್ತಿಗೆಯ ಮೇಲೆ ಒತ್ತಿ ಹಿಡಿದಿದ್ದಾಳೆ, ಕಬ್ಬು ಕಡಿದು ಕಡಿದು ಬಿರಿದ ಹೆಬ್ಬೆರಳು, ಇಲ್ಲೇ ಅನ್ನುತ್ತದೆ, ಆ ಹೆಬ್ಬೆರಳು —