ಬರಿಗೈಗೆ ಹೆದರುವ ದಾಕ್ಷಾಯಣಮ್ಮ

ನನ್ನ ಸೋದರತ್ತೆ ದಾಕ್ಷಾಯಣಮ್ಮನವರಿಗೆ ಹೆದರದೆ ನಡೆಯಲು ಬರುವುದಿಲ್ಲ. ಚನ್ನರಾಯಪಟ್ಟಣದ ಬೀದಿಯಲ್ಲಿ ಎದುರಿಗೊಂದು ಹಸು ಬಂದರೆ ಸಾಕು, ಸೆರಗನ್ನು ಮುಷ್ಟಿಯಲ್ಲಿ ಹಿಡಿದು, ಗೋಡೆಗೆ ಅಂಟಿಕೊಂಡು, ಅದರ ಬಾಲ ತಿರುವಿನಲ್ಲಿ ಮರೆಯಾಗುವವರೆಗೂ ಶಿವಶಿವಾ ಎನ್ನುತ್ತ ನಿಂತುಬಿಡುತ್ತಾರೆ. ಗ್ಯಾಸ್ ಆರಿಸಿ ಹೊರಟವರು ಗೇಟಿನಿಂದ ವಾಪಸು ಹೋಗಿ ಮತ್ತೊಮ್ಮೆ ಅದರ ಕಿವಿ ಹಿಂಡಿ ಬರುತ್ತಾರೆ. ಈ ಎಲ್ಲ ಭಯಗಳಿಗೂ ಹಿರಿಯಕ್ಕನಂಥದೊಂದು ಭಯವಿದೆ: ಯಾರ ಮನೆಗಾದರೂ ಬರಿಗೈಯಲ್ಲಿ ಹೋಗಿಬಿಟ್ಟೇನೇ ಎಂಬುದು. ರಕ್ತ ಪರೀಕ್ಷೆಗೆ ಹೋದಾಗಲೂ ಅಲ್ಲಿನ ಹುಡುಗಿಗೆ ನಾಲ್ಕು ಬಾಳೆಹಣ್ಣು ಕೊಟ್ಟೇ ತೋಳು ಚಾಚಿದವರು ಅವರು.

ಕಳೆದ ಮೇ ತಿಂಗಳಲ್ಲಿ, ಆನೆ ನೋಡಬೇಕೆಂದು ಹಟ ಹಿಡಿದ ನನ್ನ ಆರು ವರ್ಷದ ಮಗಳು ಮಾನ್ಯಳನ್ನು ಘಟ್ಟದ ಮಳೆಕಾಡಿನೊಳಗೆ, ಹೊಳೆದಂಡೆಯ ಎಕೋ ಲಾಡ್ಜಿಗೆ ಕರೆದೊಯ್ದೆ. "ಮಗೀನ ನಿನ್ನೊಬ್ಬನ್ನ ನಂಬಿ ಕಳ್ಸಕಾಯ್ತದಾ?" ಎಂದು ಅತ್ತೆಯೂ ಹೊರಟರು.

ಗೈಡ್ ಗೌರೀಶ ಮೊದಲೇ ಎಚ್ಚರಿಸಿದ: "ರೂಮಲ್ಲಿ ಹಣ್ಣುಗಿಣ್ಣು ಇಟ್ಕಬ್ಯಾಡಿ ಸಾ. ಆನೆ ಮೂಗಿಗೆ ಗ್ವಾಡೆ ಅಡ್ಡ ಬರಕಿಲ್ಲ." ಅತ್ತೆ ತಮ್ಮ ಚೀಲವನ್ನು ಕಾಲಿನ ಹಿಂದಕ್ಕೆ ಸರಿಸಿಕೊಂಡರು. ಅದರೊಳಗೆ ಘಮಘಮಿಸುವ ಹಲಸಿನ ಹಣ್ಣಿತ್ತು. ತಂದ ಕಾಣಿಕೆಯನ್ನು ಮನೆಯೊಡತಿಯ ಕೈಗೇ ಕೊಡಬೇಕು, ಕೊಡುವ ಮೊದಲು ಬಾಯಿ ಬಿಡಬಾರದು ಎಂಬುದು ಅವರ ರೀತಿ. ಲಾಡ್ಜಿಗೆ ಒಡತಿಯೆಲ್ಲಿ? ಕೌಂಟರಿನ ಹುಡುಗನಿಗೆ ಕೊಡಲು ಮನಸ್ಸು ಒಪ್ಪದೆ, ಬಂದಾಳು ಬಂದಾಳೆಂದು ಕಾಯುತ್ತ, ಹಣ್ಣನ್ನು ನನಗೂ ಹೇಳದೆ ಚೀಲಸಮೇತ ಮಾನ್ಯಳ ಮಂಚದ ಕೆಳಗೆ ತಳ್ಳಿದ್ದರು.

ಮುಸ್ಸಂಜೆ. ಕಾಡು ಸುತ್ತಿ ದಣಿದ ಮಗು ಮಲಗಿತ್ತು. ಜೀರುಂಡೆಗಳ ಕೂಗು ಒಮ್ಮೆಗೇ ನಿಂತಿತು. ಅತ್ತೆಯೊಡನೆ ಜಗಲಿಯಲ್ಲಿ ಕೂತಿದ್ದ ನಾನು ಏನೆಂದು ಕೋಣೆಯ ಬಾಗಿಲಿಗೆ ಬರುವಷ್ಟರಲ್ಲಿ ಕಿಟಕಿಯ ಸೊಳ್ಳೆಪರದೆ ಪರ್ರನೆ ಹರಿಯಿತು. ಒದ್ದೆ ಸೊಂಡಿಲೊಂದು ಒಳಬಂದು, ಮಂಚವನ್ನು ತಡವಿ, ಮಗುವಿನ ಹೊದಿಕೆಯ ಮೇಲೆ ನಿಂತು ಉಸಿರಾಡಿತು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟೆ. ಮಾನ್ಯ ನಿದ್ದೆಯಲ್ಲೇ ಮಗ್ಗುಲಾದಳು. ಸೊಂಡಿಲು ಅವಳ ಕೂದಲನ್ನು ಮೂಸಿತು.

ಹಸುವಿಗೆ ದಾರಿ ಬಿಡುವ ಆ ಹೆಂಗಸು ನನ್ನನ್ನು ತಳ್ಳಿ ಒಳಗೆ ಹೋದರು. ಸೊಂಡಿಲಿನ ಕೆಳಗೇ ಬಗ್ಗಿ, ಚೀಲವನ್ನು ಎಳೆದು, ಎರಡೂ ಕೈಗಳಲ್ಲಿ ಹಲಸನ್ನು ಎತ್ತಿ ಕಿಟಕಿಯಾಚೆ ದೂಡಿದರು. "ತಗಳಪ್ಪಾ, ತಪ್ಪಾಯ್ತು. ಮಗೀನ ಮುಟ್ಟಬ್ಯಾಡ."

ಸೊಂಡಿಲು ಹಿಂದೆ ಸರಿಯಿತು. ಹೊರಗೆ ಹಣ್ಣು ಸೀಳುವ ಸದ್ದು ಕೇಳುತ್ತಿದ್ದಂತೆ ಅತ್ತೆ ಮಗುವನ್ನು ಎದೆಗವಚಿಕೊಂಡು ಬಂದು ನನ್ನ ಕೈಗೆ ಹಾಕಿದರು.

ತಿಂಗಳು ಕಳೆದು ಅವರು ಹಾಸನದ ನಮ್ಮ ಮನೆಗೆ ಬಂದರು. ಹೊಸಿಲಿನಾಚೆ ನಿಂತು, ಸೆರಗಿನಲ್ಲಿ ಎರಡೂ ಕೈ ಮುಚ್ಚಿಕೊಂಡಿದ್ದರು. "ಏನೂ ತಂದಿಲ್ಲ ಕಣಪ್ಪ. ತರಕೇ ಭಯ ಆಯ್ತದೆ." ಓಡಿಬಂದ ಮಾನ್ಯ ಆ ಖಾಲಿ ಕೈಗಳನ್ನು ಹುಡುಕಿ ಹಿಡಿದುಕೊಂಡಳು. ನನಗೆ ಅಳು ಬಂತು.

ಅಂಜುಬುರುಕರೆಂದು ನಾವು ನಗುವವರಲ್ಲಿ ಇಂಥವರೂ ಇರುತ್ತಾರೆ. ಹಸು, ಗ್ಯಾಸು ಎಲ್ಲ ನೆಪ. ತಮ್ಮಿಂದ ಯಾರಿಗೆ ಏನಾಗಿಬಿಡುತ್ತದೋ ಎಂಬುದೊಂದೇ ಅವರ ನಿಜವಾದ ಭಯ. ಅದು ಎದುರಿಗೆ ಬಂದು ನಿಂತ ದಿನ ಆನೆಯ ಸೊಂಡಿಲಿನಡಿಗೂ ನುಗ್ಗುತ್ತಾರೆ. ಆಮೇಲೆ ಉಳಿದ ಆಯುಷ್ಯವನ್ನೆಲ್ಲ ತಮ್ಮ ಕೈಗಳಿಗೇ ಹೆದರುತ್ತ ಕಳೆಯುತ್ತಾರೆ.