ತಂಗಿಯ ಹೆಬ್ಬೆಟ್ಟು

ಕಲಾಸಿಪಾಳ್ಯದಿಂದ ಹೊರಟ ಜಿಗಣಿ ಬಸ್ಸಿನಲ್ಲಿ ರಾಮಾಂಜಿನಪ್ಪ ಎರಡು ಸೀಟು ಹಿಡಿದಿದ್ದ. ಒಂದು ತನಗೆ, ಇನ್ನೊಂದು ಸೀರೆಗೆ. ಪಟ್ಟಾಭಿರಾಮ ಹತ್ತಿ ಬಂದ ಮೇಲೆ ಸೀರೆಯ ಚೀಲ ತೊಡೆಗೇರಿತು. ಚೀಲದಲ್ಲಿ ರವಿಕೆ ಕಣ, ತೆಂಗಿನಕಾಯಿ, ಎಲೆ ಅಡಿಕೆ ಇದ್ದವು. ಜೊತೆಗೆ ಒಂದು ಇಂಕ್ ಪ್ಯಾಡೂ ಇತ್ತು.

“ಇಷ್ಟೆಲ್ಲ ಯಾಕ್ರೀ?” ಎಂದ ಪಟ್ಟಾಭಿರಾಮ.

“ತಂಗಿ ಅಲ್ವಾ ಸಾರ್? ಬರಿಗೈಲಿ ಹೋಗಕಾಯ್ತದಾ? ಮಡ್ಲು ತುಂಬೋದು, ಹೆಬ್ಬೆಟ್ಟು ಒತ್ತಿಸ್ಕಂಡು ಬರೋದು. ಮಾಕಳೀಲಿ ಎಲ್ರೂ ಇಂಗೇ. ಯಾವ ತಂಗೀನೂ ಇಲ್ಲ ಅಂದಿಲ್ಲ.”

ಎಂಬತ್ತನಾಲ್ಕನೇ ಇಸವಿ. ಪಟ್ಟಾಭಿರಾಮ ಪೀಣ್ಯದ ಕಡೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್. ಯಶವಂತಪುರದ ಬಾಡಿಗೆ ಮನೆಯಲ್ಲಿ, ಮಾಲೀಕರ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ, ಅವನ ಸಂಸಾರ. ತುಮಕೂರು ರಸ್ತೆಯ ಮಾಕಳಿಯಲ್ಲಿ ರಾಮಾಂಜಿನಪ್ಪ ಹೊಲವನ್ನು ಸೈಟುಗಳಾಗಿ ಮಾಡಿ ಮಾರುತ್ತಿದ್ದ. ಅದರಲ್ಲಿ ಮೂಲೆಯದನ್ನು ಪಟ್ಟಾಭಿರಾಮ ಒಪ್ಪಿ ಅಗ್ರಿಮೆಂಟ್ ಮಾಡಿಕೊಂಡಿದ್ದ. ಎರಡು ಕಡೆ ರಸ್ತೆಯಿದ್ದರೆ ಅಡುಗೆಮನೆಗೆ ಪೂರ್ವದ ಕಿಟಕಿ ಸಿಗುತ್ತದೆಂದು ಹೆಂಡತಿ ವತ್ಸಲಾ ತೀರ್ಮಾನಿಸಿಯಾಗಿತ್ತು. ಸಾಲ ಕೊಡಲು ಬ್ಯಾಂಕೂ ಒಪ್ಪಿತ್ತು. ಒಪ್ಪದವನು ಬ್ಯಾಂಕಿನ ವಕೀಲನೊಬ್ಬನೇ. “ಜಮೀನು ರಾಮಾಂಜಿನಪ್ಪನ ತಂದೆ ಸ್ವಂತ ದುಡಿಮೆಯಲ್ಲಿ ಕೊಂಡದ್ದು. ಉಯಿಲು ಬರೆಯದೆ ತೀರಿಕೊಂಡಿದ್ದಾರೆ. ಮಗಳಿಗೂ ಹಕ್ಕಿದೆ. ಅವಳ ಒಪ್ಪಿಗೆ ತನ್ನಿ” ಎಂದು ಕುಳಿತಿದ್ದ. ಒಪ್ಪಿಗೆ ಪತ್ರವನ್ನು ರಾಮಾಂಜಿನಪ್ಪ ತನಗೆ ಬೇಕಾದಂತೆ ಬರೆಸಿದ್ದ. ಓದಿದವರೊಬ್ಬರು ಜೊತೆಗಿದ್ದರೆ ಮಾತಿಗೆ ತೂಕವಿರುತ್ತದೆಂದು ಪಟ್ಟಾಭಿರಾಮನನ್ನೂ ಹೊರಡಿಸಿದ್ದ.

ಜಿಗಣಿಯಲ್ಲಿ ತಂಗಿ ಭಾಗ್ಯಮ್ಮ ರೇಷ್ಮೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದಳು. ಅಣ್ಣನನ್ನು ಕಂಡು ಮುಖ ಅರಳಿಸಿದಳು, ನೀರು ಕೊಟ್ಟಳು, ಸೀರೆಯ ಅಂಚು ಮುಟ್ಟಿ ನೋಡಿದಳು. ಇಂಕ್ ಪ್ಯಾಡ್ ಹೊರಬಂದಾಗ ಮಾತ್ರ ಕೈ ಹಿಂದಕ್ಕೆಳೆದುಕೊಂಡಳು.

“ಈಗ ಬ್ಯಾಡಣ್ಣ. ಮಸಿ ಕೈಲಿ ಸೊಪ್ಪು ಮುಟ್ಟಿದ್ರೆ ಹುಳ ತಿನ್ನಕಿಲ್ಲ. ಮೇವು ಹಾಕಿ ಆಗ್ಲಿ.”

“ಒಂದು ಬೆಟ್ಟು ಕಣಮ್ಮಿ!”

“ಬೆಟ್ಟೊಂದಾದ್ರೂ ಹುಳ ಸಾವಿರ ಅವೆ.”

ಹೀಗೆ ಹುಳುಗಳ ದಯೆಯಿಂದ ಬಿಡುವು ಸಿಕ್ಕಿತು. ಆ ಬಿಡುವಿನಲ್ಲಿ ಭಾಗ್ಯಮ್ಮ ಸೊಪ್ಪು ಉದುರಿಸುತ್ತಲೇ ಪಟ್ಟಾಭಿರಾಮನ ಕಡೆ ತಿರುಗಿದಳು.

“ಸಾಮಿ, ಬ್ಯಾಂಕ್ನೋರ ದುಡ್ಡಲ್ಲಿ ನೀವು ಮನೆ ಕಟ್ತೀರಾ. ಆವಾಗ ಮನೆ ಯಾರ್ದು?”

“ನಮ್ದೇ ಅಮ್ಮ. ಪತ್ರ ಮಾತ್ರ ಅವರ ಹತ್ರ ಇರುತ್ತೆ. ಹದಿನೈದು ವರ್ಷ ಕಂತು ಕಟ್ಟಿ ಮುಗಿಸಿದ ಮೇಲೆ ವಾಪಸ್ ಕೊಡ್ತಾರೆ.”

“ಕಟ್ಟದಿದ್ರೆ?”

“ಮನೆ ಹರಾಜು.”

“ಓ, ಗಿರವಿ ಇಟ್ಟ ಓಲೆ ಇದ್ದಂಗೆ! ಮೊದ್ಲೇ ಅಂಗನ್ಬಾರ್ದಾ? ನಂಗೂ ಕೊಡ್ತಾರಾ?”

“ಸಂಬಳ ಇರ್ಬೇಕು. ಸ್ವಂತ ಜಾಗ ಇರ್ಬೇಕು.”

“ನಮ್ಮನೆಯವ್ರಿಗೆ ಸಂಬಳ ಐತೆ, ಕಲ್ಲು ಪಾಲೀಸ್ ಫ್ಯಾಕ್ಟ್ರೀಲಿ. ಜಾಗ ಇಲ್ಲ.” ಅವಳು ಒಳಗಡೆ ಬೆರಳು ತೋರಿಸಿದಳು. ಗಂಡನೂ ಸೇರಿ ಮೂವರು ಅಣ್ಣತಮ್ಮಂದಿರ ಸಂಸಾರಗಳ ನಡುವೆ ಗೋಡೆಯ ಬದಲು ಹಳೆಯ ಸೀರೆಗಳು ತೂಗುತ್ತಿದ್ದವು. “ಅಂದ್ರೆ ಜಾಗ ಇದ್ದೋರ್ಗೆ ಮಾತ್ರ ಕೊಡ್ತಾರೆ. ಬುದ್ಧಿವಂತ್ರು.”

ಪಟ್ಟಾಭಿರಾಮನಿಗೆ ನಗು ಬಂತು. ಆಮೇಲೆ ಕಸಿವಿಸಿಯಾಯಿತು. ಇವೇ ಪ್ರಶ್ನೆಗಳು ಬ್ಯಾಂಕಿನಲ್ಲಿ ಅವನ ನಾಲಗೆ ತುದಿಗೂ ಬಂದಿದ್ದವು. ಮ್ಯಾನೇಜರು ತನ್ನನ್ನು ದಡ್ಡನೆಂದುಕೊಂಡಾರೆಂದು ಹೆದರಿ, ಪೆನ್ಸಿಲ್ ಗುರುತು ಹಾಕಿದಲ್ಲೆಲ್ಲ ಸಹಿ ಮಾಡಿ ಎದ್ದು ಬಂದಿದ್ದ.

“ನಿಮ್ಮ ಸಾಲಕ್ಕೂ ನನ್ನ ಹೆಬ್ಬೆಟ್ಟಿಗೂ ಏನು ಸಂಬಂಧ?”

“ಅದೆಲ್ಲ ಕಾನೂನು, ನಿಂಗರ್ಥ ಆಗಕಿಲ್ಲ” ಎಂದ ರಾಮಾಂಜಿನಪ್ಪ.

“ನಿಂಗಾಯ್ತಾ?”

ರಾಮಾಂಜಿನಪ್ಪ ಕೆಮ್ಮಿದ.

“ಅಂಗಾದ್ರೆ ಸಾಮೀನೇ ಓದ್ಲಿ.”

ಪತ್ರ ಕೈಗೆ ಬಂತು. ಮೊದಲ ಸಾಲು, ಕೊನೆಯ ಸಾಲು ಓದಿ ಮಡಿಸಿಬಿಟ್ಟರೆ ಸಂಜೆಯೊಳಗೆ ಮನೆ ಸೇರಬಹುದಿತ್ತು. ಪೂರ್ತಿ ಓದಿದರೆ ಮನೆಯೇ ಕೈತಪ್ಪಬಹುದಿತ್ತು. ರಾಮಾಂಜಿನಪ್ಪನ ಕಣ್ಣೂ ಅದನ್ನೇ ಹೇಳುತ್ತಿತ್ತು. ಪಟ್ಟಾಭಿರಾಮ ಕನ್ನಡಕ ಒರೆಸಿಕೊಂಡು ನಿಧಾನವಾಗಿ, ಒಂದು ಪದವನ್ನೂ ನುಂಗದೆ ಓದಿದ. ‘ತಂದೆಯ ಆಸ್ತಿಯಲ್ಲಿ ನನಗೆ ಬರತಕ್ಕ ಭಾಗವನ್ನು ಪಡೆದು ಸಂತೃಪ್ತಳಾಗಿರುತ್ತೇನೆ’ ಎಂಬಲ್ಲಿಗೆ ಬಂದಾಗ ಸೊಪ್ಪಿನ ಕೈ ನಿಂತಿತು.

“ಯಾವ ಭಾಗ?”

“ನಿಮ್ಮಪ್ಪ ಕೊಂಡ ಜಮೀನಮ್ಮ. ಕಾನೂನಿನಲ್ಲಿ ನಿಮಗೂ ಪಾಲಿದೆ. ಇದಕ್ಕೆ ಒತ್ತಿದರೆ ಅದು ಬಂತು, ತೃಪ್ತಿಯಾಯಿತು ಅಂತ ಅರ್ಥ.”

“ಸಾರ್!” ರಾಮಾಂಜಿನಪ್ಪ ಎದ್ದು ನಿಂತ. “ನಿಮಗೋಸ್ಕರ ಬಂದೋನು ನಾನು!” ಆಮೇಲೆ ತಂಗಿಯ ಕಡೆ ತಿರುಗಿದ. “ನಿನ್ನ ಮದ್ವೆ ಮಾಡ್ದೋನು ಯಾರು? ಬಾಣಂತನ ಮಾಡ್ಸಿದ್ದು ಯಾರು? ಅವ್ವ ಹಾಸಿಗೆ ಹಿಡಿದಾಗ ನೋಡ್ಕಂಡೋನು ಯಾರಮ್ಮಿ?”

“ನೀನೇ ಕಣಣ್ಣ. ಇಲ್ಲ ಅಂದೋರ್ಯಾರು? ಅದುಕ್ಕೇ ಅರ್ಧ ಕೇಳ್ತಿಲ್ಲ. ಒಂದು ಸೈಟು ಕೊಡು. ಆ ಹೊಲದ ಬಾವಿ ತೋಡ್ದಾಗ ಮಣ್ಣಿನ ಮಂಕರಿ ನನ್ನ ತಲೆ ಮೇಲೂ ಇತ್ತು.”

ರಾಮಾಂಜಿನಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಬಸ್ ಸ್ಟಾಂಡಿಗೆ ನಡೆದ. ಮಧ್ಯಾಹ್ನದ ಬಸ್ಸು ಕೆಟ್ಟಿತ್ತು. ಕೋಪವನ್ನು ಇಟ್ಟುಕೊಳ್ಳಲು ಬಿಸಿಲಿನಲ್ಲಿ ನೆರಳೂ ಇರಲಿಲ್ಲ. ಅವನು ವಾಪಸ್ ಬಂದು ಜಗಲಿಯ ಮೇಲೆ ಗೋಡೆಗೆ ಮುಖ ಮಾಡಿ ಕುಳಿತ. ಭಾಗ್ಯಮ್ಮ ಮುದ್ದೆ, ಹುರುಳಿಸಾರು ತಂದಿಟ್ಟಳು. ಅವನು ಇತ್ತ ತಿರುಗಿ ಕುಳಿತು ಒಂದು ಮುದ್ದೆ ಮುಗಿಸಿದ.

“ಊರೋರು ನಗ್ತಾರೆ” ಎಂದ ರಾಮಾಂಜಿನಪ್ಪ ಕೊನೆಗೆ.

“ನಾನು ಪಕ್ಕದಾಗೇ ಬಂದಿರ್ತೀನಲ್ಲ, ಅವ್ರನ್ನ ಬೈಯಾಕೆ ಜೊತೆ ಆಗ್ತೀನಿ.”

ಅವನ ಮೀಸೆ ಅಲುಗಿತು. ಅನ್ನಕ್ಕೆ ಸಾರು ಹಾಕಿಸಿಕೊಂಡು ಗೊಣಗಿದ. “ಯಾವ್ದು ಬೇಕು?”

“ಮೂಲೇದು. ಹುಳಕ್ಕೆ ಗಾಳಿ ಬೇಕು.”

“ಅದು ಇವರ್ದಾಗೋಯ್ತು.” ರಾಮಾಂಜಿನಪ್ಪನ ದನಿಯಲ್ಲಿ ಸ್ವಲ್ಪ ಸಂತೋಷವೂ ಇತ್ತು. “ಕೇಳು, ಓದಿ ಹೇಳಿದ್ರಲ್ಲ, ಅವರನ್ನೇ ಕೇಳು.”

ಇಬ್ಬರೂ ಪಟ್ಟಾಭಿರಾಮನನ್ನು ನೋಡಿದರು. ಸೈಟು ಬದಲಾದರೆ ಬ್ಯಾಂಕಿನಲ್ಲಿ ಮತ್ತೆ ಮೊದಲಿಂದ ಅರ್ಜಿ. ಅದಕ್ಕಿಂತ ಮೊದಲು ವತ್ಸಲಾಳಿಗೆ ಕಿಟಕಿಯ ದಿಕ್ಕು ತಿಳಿಸಬೇಕು. ಅದು ಬ್ಯಾಂಕಿಗಿಂತ ಕಷ್ಟ.

“ಅಗ್ರಿಮೆಂಟ್ ತಾನೇ, ಬದಲಾಯಿಸೋಣ” ಎಂದ. “ನನಗೆ ಅದರ ಪಕ್ಕದ್ದು ಸಾಕು.”

ಭಾಗ್ಯಮ್ಮ ಅವನ ಎಲೆಗೆ ಇನ್ನೊಂದು ಮುದ್ದೆ ಬಡಿಸಿದಳು. ಬೇಡವೆನ್ನಲು ಬಿಡಲಿಲ್ಲ.

“ಅಂಗಿದ್ರೆ ಹೊಸ ಪತ್ರ ಬರೆಸಿ ಸಾಮಿ. ಮೊದ್ಲು ನಂದು ರಿಜಿಸ್ಟ್ರಿ ಆಗ್ಲಿ, ಆಮೇಲೆ ನಿಮ್ಮ ಬ್ಯಾಂಕಿಗೆ ಒತ್ತಿಕೊಡ್ತೀನಿ. ಬೇಜಾರಿಲ್ಲ ತಾನೇ?”

“ಇಲ್ಲಮ್ಮ” ಎಂದ ಪಟ್ಟಾಭಿರಾಮ. “ಬ್ಯಾಂಕಿನವರೂ ಹೀಗೇ. ಪತ್ರ ಕೈಗೆ ಬಂದ ಮೇಲೇ ದುಡ್ಡು ಕೊಡೋದು.”